ಟೈರಿನ ವಯಸ್ಸನ್ನು ಕೇಳುವವರಾರು?

ಓಡುತ್ತಿದ್ದ ಮೋಟಾರಿನ ಟೈರು ಸಿಡಿದು ಪ್ರಾಣಹಾನಿಯಾಯಿತೆಂದರೆ ಅದನ್ನು ದೈವದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢವಾದ ಪದ್ಧತಿ. 2010ರಲ್ಲಿ ಪುಣೆಯಿಂದ ಮುಂಬಯಿಗೆ ಹೊರಟಿದ್ದ ಕಾರೊಂದರ ಟೈರು ಸಿಡಿದು ಪ್ರಯಾಣಿಕನೊಬ್ಬನು ಮೃತನಾದಾಗ, ಪರಿಹಾರಧನವನ್ನು ಕೊಡಬೇಕಾಗಿದ್ದ ವಿಮಾ ಕಂಪನಿಯೂ ಈ ಮಾತನ್ನೇ ನ್ಯಾಯಾಲಯದ ಮುಂದಿಟ್ಟಿತು. ಮುಂಬಯಿ ಉಚ್ಚ ನ್ಯಾಯಾಲಯವು 2023ರಲ್ಲಿ ಆ ವಾದವನ್ನು ತಳ್ಳಿಹಾಕಿ, ಟೈರು ಸಿಡಿಯುವುದು ದೈವಕೃತವಲ್ಲ, ಮನುಷ್ಯರ ಅಲಕ್ಷ್ಯದ ಫಲವೆಂದು ತೀರ್ಪಿತ್ತಿತು.

ತೀರ್ಪು ನ್ಯಾಯವಾದುದು. ಆದರೆ ಸಾಮಾನ್ಯವಾಗಿ ಇಂತಹ ಅಪಘಾತಗಳಲ್ಲಿ ಅಲಕ್ಷ್ಯವೆಂದರೆ ಯಾರ ಅಲಕ್ಷ್ಯ? ಮಿತಿಮೀರಿ ಓಡಿಸಿದ ಚಾಲಕನದೆ? ತಿಂಗಳುಗಟ್ಟಲೆ ಗಾಳಿಯನ್ನು ನೋಡದ ಮಾಲಿಕನದೆ? ಇವರು ನಿರಪರಾಧಿಗಳೆಂದು ನಾವು ಹೇಳಹೊರಟಿಲ್ಲ. ಆದರೆ ಕಟಕಟೆಗೆ ಯಾರೂ ಕರೆಯದ ಮೂರನೆಯ ಅಪರಾಧಿಯೊಂದುಂಟು. ಟೈರು ಸವೆದಿದೆಯೇ ಎಂದು ಮಾತ್ರ ವಿಚಾರಿಸಿ, ಟೈರು ಮುದಿಯಾಗಿದೆಯೇ ಎಂದು ವಿಚಾರಿಸದ ನಮ್ಮ ನಿಯಮವೇ ಅದು. ಕಾರು, ಬಸ್ಸು, ಲಾರಿಗಳ ಟೈರಿನ ಹೊರಮೈಯ ಗೀರುಗಳು (ಚಾಲಕರು ‘ಗ್ರಿಪ್’ ಎನ್ನುವರಲ್ಲ, ಅವು) 1.6 ಮಿಲಿಮೀಟರಿಗಿಂತ ಕಡಿಮೆ ಆಳವುಳ್ಳವಾಗಿರಕೂಡದೆಂದು ಕೇಂದ್ರದ ಮೋಟಾರು ವಾಹನ ನಿಯಮಾವಳಿಯು ವಿಧಿಸಿದೆ. ಟೈರು ಎಷ್ಟು ವರ್ಷದ್ದೆಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಸವೆತವು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಮುಪ್ಪು ಹಾಗಲ್ಲ.

ಅಧಿಕಾರಿಗಳಾದ ನಮ್ಮ ವಾಚಕರು ತಮ್ಮ ಕಛೇರಿಯ ಹಳೆಯ ಕಪಾಟನ್ನು ತೆರೆದು, ಏಳೆಂಟು ವರ್ಷಗಳ ಹಿಂದೆ ಕಾಗದಪತ್ರಗಳ ಕಟ್ಟಿಗೆ ಹಾಕಿದ ರಬ್ಬರ್ ಬ್ಯಾಂಡನ್ನೊಮ್ಮೆ ಮುಟ್ಟಿ ನೋಡಲಿ. ಅದನ್ನು ಯಾರೂ ಎಳೆದಿಲ್ಲ, ಉಜ್ಜಿಲ್ಲ, ಬಿಸಿಲಿಗಿಟ್ಟಿಲ್ಲ. ಆದರೂ ಕೈ ಸೋಕಿದೊಡನೆ ಒಣಗಿದ ದಂಟಿನಂತೆ ತುಂಡಾಗುತ್ತದೆ. ಇಲ್ಲವೆ ಅಂಟಾಗಿ ಕಾಗದಕ್ಕೆ ಹತ್ತಿಕೊಂಡಿರುತ್ತದೆ. ಟೈರಿನೊಳಗೆ ನಡೆಯುವುದೂ ಇದೇ ವ್ಯಾಪಾರ. ನಿಧಾನವಾಗಿ ನಡೆಯುತ್ತದೆಂಬುದೊಂದೇ ಭೇದ.

ರಬ್ಬರೆಂಬುದು ಇಂಗಾಲ ಜಲಜನಕಗಳ ಅತಿ ದೀರ್ಘವಾದ ಸರಪಳಿಗಳ ಗೋಜಲು. ಬಿಸಿಲಿಗೆ ಅಂಟಾಗಿ ಚಳಿಗೆ ಪೆಡಸಾಗುವ ಈ ಪದಾರ್ಥವನ್ನು ಗಂಧಕದೊಡನೆ ಕಾಯಿಸಿದರೆ, ಸರಪಳಿಗಳ ನಡುವೆ ಗಂಧಕದ ಸೇತುವೆಗಳು ಬಿದ್ದು ಅದು ಗಟ್ಟಿಯೂ ಸ್ಥಿತಿಸ್ಥಾಪಕವೂ ಆಗುವುದೆಂಬುದನ್ನು ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರನು 1839ರಲ್ಲಿ ಕಂಡುಕೊಂಡನು. ಆ ಪಾಕವಿಲ್ಲದಿದ್ದರೆ 1888ರಲ್ಲಿ ಡನ್ಲಪ್ಪನ ಗಾಳಿಯ ಚಕ್ರವೂ ಇಲ್ಲ, ಇಂದಿನ ಮೋಟಾರೂ ಇಲ್ಲ. ಆದರೆ ಟೈರು ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದಂದಿನಿಂದಲೇ ವಾಯುವಿನ ಆಮ್ಲಜನಕವು ತನ್ನ ಕೆಲಸವನ್ನು ಆರಂಭಿಸುತ್ತದೆ. ಅದು ಕೆಲವೆಡೆ ಸರಪಳಿಗಳನ್ನು ಕಡಿಯುತ್ತದೆ, ಕೆಲವೆಡೆ ಬೇಡದ ಗಂಟುಗಳನ್ನು ಹಾಕುತ್ತದೆ. ರಬ್ಬರು ಬಳುಕುವ ಗುಣವನ್ನು ಕಳೆದುಕೊಂಡು ಬಿರುಸಾಗುತ್ತದೆ. ಗಾಳಿಯಲ್ಲಿ ಅತ್ಯಲ್ಪವಾಗಿರುವ ಓಝೋನೂ ಬಿಗಿದು ನಿಂತ ರಬ್ಬರಿನ ಮೇಲ್ಮೈಯನ್ನು ಕಡಿದು ಸಣ್ಣ ಸಣ್ಣ ಬಿರುಕುಗಳನ್ನು ಮಾಡುತ್ತದೆ. ಇದಕ್ಕೆ ಪ್ರತಿಯಾಗಿ ತಯಾರಕರು ರಬ್ಬರಿನಲ್ಲಿ ಮೇಣವನ್ನೂ ಕೆಲವು ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಚಕ್ರವುರುಳುವಾಗ ಮೈ ಬಳುಕಿದಂತೆಲ್ಲ ಅವು ಒಳಗಿನಿಂದ ಜಿನುಗಿ ಮೇಲೆ ಹೊದಿಕೆಯಾಗುತ್ತವೆ. ಆ ಸಂಗ್ರಹವು ಒಂದು ದಿನ ಮುಗಿಯತಕ್ಕದ್ದೇ. ನಿಂತ ಗಾಡಿಯಲ್ಲಂತೂ ಬಳುಕುವಿಕೆಯೇ ಇಲ್ಲವಾಗಿ ಆ ಹೊದಿಕೆಯು ಸರಿಯಾಗಿ ಹರಡುವುದೇ ಇಲ್ಲ. ಓಡದ ಗಾಡಿಯ ಟೈರು ಹೊಸತರಂತಿರುವುದೆಂಬ ನಂಬಿಕೆಗೆ ಆಧಾರವಿಲ್ಲ.

ಹೊರಗಿನ ಬಿರುಕನ್ನಾದರೂ ಕಣ್ಣಿದ್ದವನು ಕಂಡಾನು. ಹೆಚ್ಚಿನ ಅಪಾಯವಿರುವುದು ಒಳಗೆ. ಈಗಿನ ಟೈರುಗಳಲ್ಲಿ ಹೊರಮೈಯ ಕೆಳಗೆ ಹಿತ್ತಾಳೆ ಲೇಪಿಸಿದ ಉಕ್ಕಿನ ತಂತಿಗಳ ಪಟ್ಟಿಗಳಿರುತ್ತವೆ. ಒಳಗೆ ಒತ್ತಿ ತುಂಬಿದ ಗಾಳಿಯ ಆಮ್ಲಜನಕವು ವರ್ಷಗಟ್ಟಲೆ ರಬ್ಬರಿನ ಮೂಲಕ ಹೊರಮುಖವಾಗಿ ಸೋರುತ್ತ ಆ ಪಟ್ಟಿಗಳ ನಡುವಣ ರಬ್ಬರನ್ನು ತಿನ್ನುತ್ತದೆ. ಪಟ್ಟಿಯ ಅಂಚಿನಲ್ಲಿ ಬಿರುಕು ಹುಟ್ಟಿ, ಒಂದಕ್ಕೊಂದು ಕೂಡಿ, ಕಡೆಗೊಂದು ದಿನ ವೇಗವಾಗಿ ಓಡುತ್ತಿರುವಾಗ ಹಳೆಯ ಚಪ್ಪಲಿಯ ಅಟ್ಟೆ ಬಿಡುವಂತೆ ಹೊರಮೈಯೇ ಕಿತ್ತುಬರುತ್ತದೆ. ಜನರು ಸಿಡಿಯಿತೆನ್ನುವ ಎಷ್ಟೋ ಟೈರುಗಳು ಸಿಡಿಯುವ ಮೊದಲೇ ಒಳಗೆ ಬೇರ್ಪಟ್ಟಿರುತ್ತವೆ. ಗಾಳಿ ಕಡಿಮೆಯಿದ್ದು ಹೊರೆ ಹೆಚ್ಚಿದ್ದರೆ ಟೈರು ಅತಿಯಾಗಿ ಬಳುಕಿ ಕಾದು, ಈ ಕಾರ್ಯವು ಮತ್ತಷ್ಟು ತ್ವರೆಯಾಗುತ್ತದೆ.

ಉಷ್ಣವೇ ಇಲ್ಲಿ ಮುಖ್ಯ ಸಂಗತಿ. 2000ದ ಆಗಸ್ಟಿನಲ್ಲಿ ಅಮೇರಿಕೆಯ ಫೈರ್‌ಸ್ಟೋನ್ ಕಂಪನಿಯು, ಹೊರಮೈ ಕಳಚಿ ಬೀಳುತ್ತಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಟೈರುಗಳ ಸಂಬಂಧದಲ್ಲಿ 271 ಮರಣಗಳು ಅಲ್ಲಿಯ ಸರಕಾರದ ಲೆಕ್ಕಕ್ಕೆ ಬಂದವು. ತಯಾರಿಕೆಯ ದೋಷವೂ ಅದರಲ್ಲಿ ಸೇರಿದ್ದಿತು, ನಿಜ. ಆದರೆ ಆ ಬಳಿಕ ಅಲ್ಲಿಯ ರಸ್ತೆ ಸುರಕ್ಷತಾ ಇಲಾಖೆಯವರು ಟೈರಿನ ಮುಪ್ಪನ್ನೇ ಪರೀಕ್ಷೆಗೆ ಕೈಗೊಂಡರು. ಅವರು ಪ್ರಕಟಿಸಿದ ಒಂದು ದೊಡ್ಡ ವಿಮಾ ಸಂಸ್ಥೆಯ 2002ರಿಂದ 2006ರವರೆಗಿನ ಲೆಕ್ಕವು ನಮ್ಮ ಅಧಿಕಾರಿಗಳ ಮೇಜಿನ ಮೇಲೆ ಇರತಕ್ಕದ್ದು. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಲೂಯಿಸಿಯಾನಾ, ಫ್ಲಾರಿಡಾ, ಅರಿಝೋನಾ ಎಂಬ ಐದು ಬಿಸಿಲುನಾಡುಗಳಲ್ಲಿದ್ದವರು ಅದರ ವಿಮಾದಾರರಲ್ಲಿ ನೂರಕ್ಕೆ 27 ಮಂದಿ ಮಾತ್ರ. ಟೈರಿನ ಸಂಬಂಧವಾಗಿ ಬಂದ ಪರಿಹಾರದ ಅರ್ಜಿಗಳಲ್ಲಾದರೋ ನೂರಕ್ಕೆ 77 ಅಲ್ಲಿಯವೇ. ಅವುಗಳಲ್ಲಿಯೂ ನೂರಕ್ಕೆ 84 ಆರು ವರ್ಷ ಮೀರಿದ ಟೈರುಗಳವು.

ಇನ್ನು ಇಂಗ್ಲಂಡಿನ ವೃತ್ತಾಂತವನ್ನು ನೋಡೋಣ. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವದಿಂದ ತರುಣ ತರುಣಿಯರನ್ನು ಕರೆತರುತ್ತಿದ್ದ ಬಸ್ಸೊಂದರ ಮುಂದಿನ ಟೈರು ಹಿಂಡ್‌ಹೆಡ್ ಎಂಬಲ್ಲಿ ಸಿಡಿದು, ಚಾಲಕನೂ ಇಬ್ಬರು ಪ್ರಯಾಣಿಕರೂ ಮೃತರಾದರು. ವಿಚಾರಣೆಯಲ್ಲಿ ಆ ಟೈರಿಗೆ 19 ವರ್ಷ ಮೀರಿದ್ದಿತೆಂಬುದು ಹೊರಬಿದ್ದಿತು. ಅಷ್ಟು ಹಳೆಯ ಟೈರನ್ನು ನಿಷೇಧಿಸುವ ಕಾನೂನು ಆಗ ಅಲ್ಲಿರಲಿಲ್ಲ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ವರ್ಷಗಟ್ಟಲೆ ಪಾರ್ಲಿಮೆಂಟಿನ ಬಾಗಿಲನ್ನು ತಟ್ಟಿದ ಮೇಲೆ, 2021ರ ಫೆಬ್ರವರಿ 1ರಿಂದ ಬಸ್ಸು ಲಾರಿಗಳ ಮುಂದಿನ ಅಚ್ಚಿಗೆ 10 ವರ್ಷ ಮೀರಿದ ಟೈರನ್ನು ಹಾಕುವುದು ಅಲ್ಲಿ ಅಪರಾಧವಾಯಿತು. ಟೈರಿನ ತಾರೀಖು ಓದಲು ಬರುವಂತಿರತಕ್ಕದ್ದೆಂದೂ ಆ ಕಾನೂನು ವಿಧಿಸಿದೆ.

ಬಿಳಿಯರು ಮಾಡಿದರೆಂಬ ಮಾತ್ರಕ್ಕೆ ನಾವೂ ಮಾಡತಕ್ಕದ್ದೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ಇಂಗ್ಲಂಡಿನ ಬೇಸಗೆಯೆಂಬುದು ನಮ್ಮ ಕಲಬುರ್ಗಿ ರಾಯಚೂರುಗಳವರಿಗೆ ಮಾಗಿಯ ದಿನದಂತೆ ತೋರತಕ್ಕದ್ದು. ಅಂತಹ ತಂಪುನಾಡಿಗೆ ಹತ್ತು ವರ್ಷದ ಟೈರು ಅಪಾಯಕರವಾಗಿ ಕಂಡಿರಲು, 40 ಡಿಗ್ರಿಗೆ ಮೇಲೇರುವ ಬಿಸಿಲಿನಲ್ಲಿ ಕಾದ ಡಾಂಬರಿನ ಮೇಲೆ ಓಡುವ ನಮ್ಮ ಬಸ್ಸುಗಳಿಗೆ ಯಾವ ಮಿತಿಯೂ ಬೇಡವೆ? ಪರಾವಲಂಬನದ ನೆಪವೂ ನಮಗಿಲ್ಲ. ಸುಳ್ಯ ಪುತ್ತೂರುಗಳಲ್ಲಿ ರಬ್ಬರಿನ ತೋಟಗಳಿವೆ. ಮೈಸೂರಿನಲ್ಲಿಯೇ ಟೈರಿನ ಕಾರ್ಖಾನೆಯಿದೆ.

ಸರಕಾರಕ್ಕೆ ವಯಸ್ಸನ್ನೆಣಿಸುವ ಅಭ್ಯಾಸವಿಲ್ಲವೆಂದೂ ಹೇಳುವಂತಿಲ್ಲ. 15 ವರ್ಷ ತುಂಬಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ಮುಂದುವರಿಸಕೂಡದೆಂದು ಅದೇ ಆಜ್ಞೆ ಮಾಡಿತು. ಉಕ್ಕಿನ ಗಾಡಿಗೆ ಆಯುಸ್ಸಿನ ಮಿತಿ, ಅದನ್ನು ಹೊತ್ತ ರಬ್ಬರಿಗೆ ಮಾತ್ರ ಚಿರಂಜೀವಿತ್ವ!

ಇದರಿಂದ ಬಡ ಲಾರಿ ಮಾಲಿಕನ ತಲೆಗೆ ಹೊರೆ ಬೀಳುವುದೆಂಬ ಆಕ್ಷೇಪಣೆ ಬಂದೀತು. ಅದು ಅಲಕ್ಷಿಸತಕ್ಕ ಮಾತಲ್ಲ; ಆದರೆ ವಿಚಾರಿಸಿ ನೋಡಿದರೆ ನಿಲ್ಲುವುದಿಲ್ಲ. ಹಗಲಿರುಳು ದುಡಿಯುವ ಲಾರಿಯ ಟೈರು ಮುಪ್ಪಾಗುವ ಮೊದಲೇ ಸವೆದುಹೋಗುತ್ತದೆ. ಅದಕ್ಕೆ ಹತ್ತು ವರ್ಷದ ಮಿತಿಯು ತಗಲುವುದೇ ಅಪೂರ್ವ. ತಗಲುವುದು ಅಲ್ಪವಾಗಿ ಓಡುವ ಗಾಡಿಗಳಿಗೆ: ದಿನಕ್ಕೆರಡು ಸಲ ಊರೊಳಗೆ ಸುತ್ತಿ ನಿಲ್ಲುವ ಶಾಲೆಯ ವಾಹನ, ಆಸ್ಪತ್ರೆಯ ಆಂಬುಲೆನ್ಸು, ಜಾತ್ರೆಗೂ ಮದುವೆಗೂ ಮಾತ್ರ ಹೊರಡುವ ಬಾಡಿಗೆಯ ಬಸ್ಸು. ಇವುಗಳ ಟೈರಿನಲ್ಲಿ ಗ್ರಿಪ್ ತುಂಬಿರುತ್ತದೆ, ಜೀವವಿರುವುದಿಲ್ಲ. ಗಾಡಿಯೊಡನೆ ಬಂದು ಎಂದೂ ನೆಲ ಮುಟ್ಟದ ಸ್ಟೆಪ್ನಿಯೂ ಈ ಜಾತಿಯದೇ. (ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಈ ಹೆಸರು ನಮ್ಮ ಚಾಲಕರ ಬಾಯಲ್ಲಿ ಅಚ್ಚಗನ್ನಡದಂತೆ ನೆಲೆಸಿರುವುದು ವಿನೋದ.) ಇದಲ್ಲದೆ, ಬೋಳಾದ ಹಳೆಯ ಟೈರಿಗೆ ಮತ್ತೆ ಗೀರು ಕೊರೆದು, ಕಪ್ಪು ಹಚ್ಚಿ ಮಾರುವ ವ್ಯಾಪಾರವೂ ಉಂಟು. ಗೀರಿನ ಆಳವೊಂದನ್ನೇ ಅಳೆಯುವ ನಿಯಮವು ಇಂತಹ ವ್ಯಾಪಾರಿಗೆ ಆಶೀರ್ವಾದದಂತಿದೆ.

ರೀಟ್ರೆಡ್ ಮಾಡುವುದನ್ನು ನಾವು ವಿರೋಧಿಸುವುದಿಲ್ಲ. ಸರಿಯಾಗಿ ಮಾಡಿದರೆ ಅದು ಮಿತವ್ಯಯವೂ ದೇಶಕ್ಕೆ ಲಾಭವೂ ಆಗಿದೆ. ಆದರೆ ಹೊಸ ಹೊದಿಕೆಯ ಕೆಳಗಿರುವ ಒಡಲು ಹಳೆಯದೇ. ಇಂಗ್ಲಂಡಿನವರು ಅಂತಹ ಟೈರಿನ ವಯಸ್ಸನ್ನು ರೀಟ್ರೆಡ್ ಮಾಡಿದ ತಾರೀಖಿನಿಂದ ಎಣಿಸುತ್ತಾರೆ. ಇದು ನಮಗೆ ಒಪ್ಪಿಗೆಯಾಗುವುದಿಲ್ಲ. ಒಡಲಿನ ಹುಟ್ಟಿದ ತಾರೀಖನ್ನೇ ಎಣಿಸತಕ್ಕದ್ದು.

ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. 2000ದಿಂದೀಚೆಗೆ ತಯಾರಾದ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲ ಎರಡು ವಾರ, ಕಡೆಯ ಎರಡು ವರ್ಷ: 2316 ಎಂದಿದ್ದರೆ ಅದು 2016ರ 23ನೆಯ ವಾರದಲ್ಲಿ ಹುಟ್ಟಿದ ಟೈರು. ವಾಹನಗಳಿಗೆ ಯೋಗ್ಯತಾ ಪತ್ರವನ್ನು ಕೊಡುವಾಗ ಪ್ರತಿಯೊಂದು ಟೈರಿನ ಈ ಅಂಕಿಯನ್ನೂ ಪತ್ರದಲ್ಲಿ ಬರೆಯಲಿ. ಮೊದಲಿಗೆ ಪ್ರಯಾಣಿಕರ ಬಸ್ಸುಗಳಿಗೂ ಶಾಲೆಯ ವಾಹನಗಳಿಗೂ, ಅದೂ ಮುಂದಿನ ಚಕ್ರಗಳಿಗೆ ಮಾತ್ರ, ಮಿತಿಯನ್ನು ವಿಧಿಸಲಿ. ಮುಂದಿನ ಟೈರು ಹೋದರೆ ಚುಕ್ಕಾಣಿಯೇ ಕೈತಪ್ಪುವುದಾದ್ದರಿಂದ ಅದರ ಅಪಾಯವು ಹೆಚ್ಚಿನದು. ಎಷ್ಟೋ ವಾಹನ ತಯಾರಕರು ಆರು ವರ್ಷಕ್ಕೆ ಬದಲಾಯಿಸಿರೆಂದು ಬೋಧಿಸುತ್ತಿರುವಾಗ, ನಮ್ಮ ಹವೆಗೆ ಹತ್ತು ವರ್ಷವೂ ಔದಾರ್ಯವೇ. ಅಂಗಡಿಯವರು ಹೊಸ ಟೈರನ್ನು ಮಾರುವಾಗ ಆ ಅಂಕಿಯನ್ನು ರಸೀತಿಯಲ್ಲಿ ಕಾಣಿಸಬೇಕೆಂದೂ ಕಟ್ಟುಮಾಡಲಿ; ಮೂರು ವರ್ಷ ಗೋದಾಮಿನಲ್ಲಿ ಕೊಳೆತ ಮಾಲು ಹೊಸದೆಂಬ ಹೆಸರಿನಲ್ಲಿ ಹೊರಬೀಳದಿರಲಿ.

ಒಂದು ಸಣ್ಣ ಸಂಗತಿ. ಈ ಪೂರ್ಣ ಗುರುತು ಎಷ್ಟೋ ಟೈರುಗಳಲ್ಲಿ ಒಂದೇ ಪಕ್ಕಕ್ಕಿರುತ್ತದೆ; ಜೋಡಿಸುವವನು ಅದನ್ನು ಒಳಮಗ್ಗುಲಿಗೆ ತಿರುಗಿಸಿಬಿಟ್ಟರೆ ಓದಲು ಗಾಡಿಯಡಿಗೆ ನುಸುಳಬೇಕು. ಸಾಧ್ಯವಿರುವಲ್ಲೆಲ್ಲ ಅಂಕಿಯು ಹೊರಮುಖವಾಗಿರತಕ್ಕದ್ದೆಂದು ಒಂದು ಸಾಲನ್ನು ನಿಯಮಕ್ಕೆ ಸೇರಿಸಿದರೆ ಸಾರಿಗೆ ತನಿಖೆಗಾರರಿಗೆ ಆ ತೊಂದರೆಯೂ ತಪ್ಪೀತು.