ಸೀಟಿ ಊದಿದವರ ಮೇಲೇಕೆ ಸಿಟ್ಟು?

ಸೋತ ಪಕ್ಷದವರ ಕಣ್ಣಿಗೆ ರೆಫರಿ ಯಾವಾಗಲೂ ಕುರುಡನೇ. ಗೆದ್ದ ಪಕ್ಷದವರಿಗೆ ಆತನ ನೆನಪೇ ಇರುವುದಿಲ್ಲ. ಇದು ನಮ್ಮ ಕಬಡ್ಡಿ ಪಂದ್ಯಗಳಲ್ಲಿ ನಾವೆಲ್ಲರೂ ಕಂಡ ಸಂಗತಿ.

ಕಳೆದ ವಾರ ಗಿರಣಿಯ ಗೇಟಿನ ಎದುರಿಗೆ ಚಹಾ ಕುಡಿಯುತ್ತ ನಿಂತಿದ್ದಾಗ, ಎರಡನೆಯ ಪಾಳಿಯ ತರುಣನೊಬ್ಬನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದನು. ಅದರಲ್ಲಿ ಹೆಂಗಸರ ರಗ್ಬಿ ಪಂದ್ಯ. ಬಿಳಿ ಅಂಗಿಯ ಆಟಗಾರ್ತಿಯೊಬ್ಬಳು ಕಪ್ಪು ಅಂಗಿಯವಳನ್ನು ಹಿಡಿಯಲು ಓಡಿ ಬರುತ್ತಾಳೆ, ತಲೆಗೆ ತಲೆ ಢೀ ಎನ್ನುತ್ತದೆ, ಇಬ್ಬರೂ ನೆಲಕ್ಕುರುಳುತ್ತಾರೆ. ರೆಫರಿ ಕೆಂಪು ಕಾರ್ಡು ತೋರಿಸುತ್ತಾರೆ. “ಮೇಷ್ಟ್ರೇ, ಬೇಕಂತ ಹೊಡೆದಿಲ್ಲ ನೋಡ್ರೀ. ಇದು ಅನ್ಯಾಯ ಅಲ್ಲೇನ್ರೀ?” ಎಂದು ಆತ ಕೇಳಿದನು. ನಾನು ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ಎಷ್ಟೋ ದಿನಗಳಾದರೂ ಇವರಿಗೆ ನಾನು ಇನ್ನೂ ಮೇಷ್ಟ್ರೇ. ಪಾಳಿಯ ಸೀಟಿಯಾದುದರಿಂದ ಉತ್ತರ ಅಲ್ಲಿಗೇ ನಿಂತಿತು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು 2022ನೆಯ ಇಸವಿ ನವೆಂಬರ್ 12ರಂದು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಈಡನ್ ಪಾರ್ಕಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯ. ಇಂಗ್ಲೆಂಡಿನ ತಂಡ ಅದಕ್ಕೆ ಮುಂಚೆ ಸಾಲಾಗಿ 30 ಪಂದ್ಯಗಳನ್ನು ಗೆದ್ದು ಬಂದಿದ್ದಿತು. ನೋಡಲು ನೆರೆದವರು 42,579 ಮಂದಿ. ರಗ್ಬಿಯನ್ನು ಅರಿಯದವರಿಗೆ ಎರಡೇ ಮಾತು: ಪಕ್ಷಕ್ಕೆ 15 ಜನ, 80 ನಿಮಿಷದ ಆಟ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಓಡುವವರನ್ನು ತೋಳಿನಿಂದ ಬಳಸಿ ಕೆಡವಬಹುದು, ಆದರೆ ಹೆಗಲಿನಿಂದ ಮೇಲಕ್ಕೆ ಹೋಗುವಂತಿಲ್ಲ. ಕಬಡ್ಡಿಯ ಹಿಡಿತ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆಟದ ಆರಂಭದಲ್ಲಿಯೇ ಇಂಗ್ಲೆಂಡ್ 14-0 ಮುಂದಾಯಿತು. 18ನೆಯ ನಿಮಿಷದಲ್ಲಿ ಅವರ ಲಿಡಿಯಾ ಥಾಮ್ಸನ್, ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್‌ಗೆ ತಲೆ ತಾಗಿಸಿದರು. ಸ್ಕಾಟ್ಲೆಂಡಿನ ರೆಫರಿ ಹೋಲಿ ಡೇವಿಡ್‌ಸನ್ ಚಿತ್ರವನ್ನು ಮತ್ತೆ ನೋಡಿ ಥಾಮ್ಸನ್‌ರನ್ನು ಹೊರಗೆ ಕಳುಹಿಸಿದರು. ವುಡ್‌ಮನ್ ಕೂಡ ಆ ಪೆಟ್ಟಿನಿಂದಾಗಿ ಮತ್ತೆ ಆಟಕ್ಕೆ ಬರಲಿಲ್ಲ. ಉಳಿದ ಒಂದು ಗಂಟೆಗೂ ಮಿಕ್ಕಿದ ಆಟವನ್ನು ಇಂಗ್ಲೆಂಡ್ 14 ಜನರಿಂದ ಆಡಿ, ಕಡೆಗೆ 34-31ರಿಂದ ಸೋತಿತು. ಕೇವಲ ಮೂರು ಅಂಕ!

ಅಂದಿನಿಂದ ಅಭಿಮಾನಿಗಳಲ್ಲಿ ಎರಡು ಪಂಗಡ. ಒಂದು ಪಂಗಡದವರು ಹೇಳುವುದು: “ರೆಫರಿ ವಿಶ್ವಕಪ್ಪನ್ನು ಕೊಂದರು. ಹದಿನೈದು ಜನರಿದ್ದಿದ್ದರೆ ಇಂಗ್ಲೆಂಡ್ ಸೋಲುತ್ತಿರಲಿಲ್ಲ. ಅದು ಆಕಸ್ಮಿಕ, ದುರುದ್ದೇಶವಿರಲಿಲ್ಲ.” ಇನ್ನೊಂದು ಪಂಗಡದವರು ನಿಯಮವೆಂದರೆ ನಿಯಮ ಎನ್ನುತ್ತಾರೆ. ನಾನು ಎರಡನೆಯವರ ಕಡೆಗಿದ್ದೇನೆ. ಆದರೆ ಅವರು ಕೊಡುವ ಕಾರಣಕ್ಕಾಗಿ ಅಲ್ಲ. ನಿಯಮಗಳೆಲ್ಲ ಪವಿತ್ರವೆಂದು ನಂಬುವವನು ಸಮಾಜವಾದಿ ಪಕ್ಷಕ್ಕೆ ಬಂದು ಮಾಡುವುದೇನು?

ಆ ನಿಯಮ ಯಾರಿಗಾಗಿ ಹುಟ್ಟಿತೆಂಬುದನ್ನು ನೋಡಬೇಕು. ಪುರುಷರ 2003ರ ವಿಶ್ವಕಪ್ಪನ್ನು ಗೆದ್ದ ಇಂಗ್ಲೆಂಡ್ ತಂಡದಲ್ಲಿ ಸ್ಟೀವ್ ಥಾಮ್ಸನ್ ಎಂಬ ಆಟಗಾರರಿದ್ದರು. 2020ರಲ್ಲಿ, ನಲವತ್ತೆರಡರ ಪ್ರಾಯದಲ್ಲಿ, ತಮಗೆ ಮರೆವಿನ ರೋಗ ತಗುಲಿದೆಯೆಂದು ಅವರು ಜಗತ್ತಿಗೆ ತಿಳಿಸಿದರು. ತಾನು ಆ ಕಪ್ಪನ್ನು ಗೆದ್ದುದೇ ಅವರಿಗೆ ನೆನಪಿಲ್ಲ! ತಲೆಗೆ ಬಿದ್ದ ಪೆಟ್ಟಿನ ಮೇಲೆ ಪೆಟ್ಟುಗಳು ಮಿದುಳನ್ನು ತಿಂದವೆಂದು ಅವರೂ ಅವರಂತಹ ಅನೇಕರೂ ಆಟದ ಸಂಸ್ಥೆಗಳ ಮೇಲೆ ದಾವೆ ಹೂಡಿದ್ದಾರೆ. ಆ ಬಳಿಕ ರೆಫರಿಗಳಿಗೆ ಪ್ರಶ್ನೆಗಳ ಒಂದು ಕ್ರಮವೇ ಬಂದಿದೆ: ತಲೆಗೆ ತಾಗಿತೇ? ತಪ್ಪು ಆಟವೇ? ಅಪಾಯ ಎಷ್ಟು? ಅದನ್ನು ತಗ್ಗಿಸುವ ಕಾರಣವೇನಾದರೂ ಇದೆಯೇ? “ಬೇಕೆಂದು ಮಾಡಿದೆಯಾ?” ಎಂಬ ಪ್ರಶ್ನೆಯಿಂದ ಅದು ಆರಂಭವಾಗುವುದಿಲ್ಲ.

ಓದುಗ ಬಂಧುಗಳೇ, ಇದು ನಿಮಗೆ ಹೊಸದೇ? ಕಾರ್ಡಿಂಗ್ ಖಾತೆಯಲ್ಲಿ ಹತ್ತಿಯ ಧೂಳು ಇಪ್ಪತ್ತು ವರ್ಷ ಎದೆಯೊಳಗೆ ಹೋಗಿ ಕೂರುತ್ತದೆ. ಧೂಳಿಗೆ ದುರುದ್ದೇಶವಿಲ್ಲ. ಕಾವಲು ಇಲ್ಲದ ಬೆಲ್ಟು ತೋಳನ್ನು ಎಳೆದುಕೊಳ್ಳುವಾಗ ಬೆಲ್ಟಿಗೂ ದ್ವೇಷವಿಲ್ಲ. ಇನ್‌ಸ್ಪೆಕ್ಟರು ಬಂದು ಯಂತ್ರ ನಿಲ್ಲಿಸಿದರೆ, “ಉತ್ಪಾದನೆ ಹಾಳಾಯಿತು, ಇಂದಿನ ಲೆಕ್ಕ ತಪ್ಪಿತು” ಎಂದು ಕೂಗುವವರು ಯಾರು? ಯಂತ್ರದ ಮುಂದೆ ನಿಲ್ಲುವವನಂತೂ ಅಲ್ಲ. ಅಂದು ಈಡನ್ ಪಾರ್ಕಿನಲ್ಲಿ ಡೇವಿಡ್‌ಸನ್ ಮಾಡಿದುದು ಇನ್‌ಸ್ಪೆಕ್ಟರನ ಕೆಲಸ. ಲೆಕ್ಕ ತಪ್ಪಿತೆಂದು ಕೂಗಿದವರು ಮೆಟ್ಟಿಲ ಮೇಲೆ ಕುಳಿತ ನಾವು, ನೋಡುವವರು. ತಲೆ ನಮ್ಮದಲ್ಲವಲ್ಲ!

ಹಾಗೆಂದು ಎದುರು ಪಂಗಡದ ಮಾತಿನಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ. ಒಬ್ಬರ ಒಂದು ಕ್ಷಣದ ತಪ್ಪಿಗೆ ಉಳಿದ 14 ಜನ ದಂಡ ತೆರಬೇಕೆಂಬುದು ನನಗೂ ಇರುಸುಮುರುಸಿನ ಸಂಗತಿಯೇ. ಇದಕ್ಕಾಗಿಯೇ ಈಚೆಗೆ ಒಂದು ಪ್ರಯೋಗ ನಡೆದಿದೆ: ಕೆಲವು ಬಗೆಯ ಕೆಂಪು ಕಾರ್ಡಿಗೆ ತಪ್ಪು ಮಾಡಿದವರು ಹೊರಗೇ ಉಳಿಯುತ್ತಾರೆ, 20 ನಿಮಿಷಗಳಾದ ಮೇಲೆ ಬದಲಿ ಆಟಗಾರರು ಬರಬಹುದು. ಬದಲಿ ಎಂದರೇನೆಂದು ಗಿರಣಿಯವರಿಗೆ ನಾನು ಹೇಳಬೇಕೇ! ನನ್ನ ಅನುಮಾನವಿಷ್ಟೆ: ದಂಡ ಅಗ್ಗವಾದರೆ ಅದನ್ನು ಖರ್ಚಿನ ಬಾಬಿಗೆ ಬರೆದುಕೊಂಡು ಕೆಲಸ ಮುಂದುವರಿಸುವವರು ಹುಟ್ಟಿಕೊಳ್ಳುತ್ತಾರೆ. ನಮ್ಮ ಕಾರ್ಖಾನೆ ಕಾಯಿದೆಗಳಿಗೆ ಆದ ಗತಿ ಅದೇ ತಾನೆ?

ರೆಫರಿಗಳು ತಪ್ಪು ಮಾಡುವುದಿಲ್ಲವೆಂದೂ ಅಲ್ಲ. 2025ರ ಸೆಪ್ಟೆಂಬರ್ 14ರಂದು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಐರ್ಲೆಂಡಿಗೂ ಫ್ರಾನ್ಸಿಗೂ ಎಂಟರ ಘಟ್ಟದ ಪಂದ್ಯ. ಅರ್ಧ ಆಟದ ಹೊತ್ತಿಗೆ ಐರ್ಲೆಂಡ್ 13-0 ಮುಂದೆ. ಫ್ರಾನ್ಸಿನ ಆಟಗಾರ್ತಿಯೊಬ್ಬಳು ಐರ್ಲೆಂಡಿನ ಈಫಾ ವೇಫರ್‌ರ ತೋಳನ್ನು ಕಚ್ಚಿದಳು. ವೇಫರ್ ತೋಳು ತೋರಿಸಿ ದೂರಿದರು, ಆಟದೊಳಗೆ ಶಿಕ್ಷೆಯಾಗಲಿಲ್ಲ. ಫ್ರಾನ್ಸ್ 18-13ರಿಂದ ಗೆದ್ದಿತು. ಆಮೇಲೆ ವಿಚಾರಣೆ ನಡೆದು ಕಚ್ಚಿದವಳಿಗೆ ಹಲವು ಪಂದ್ಯಗಳ ನಿಷೇಧವಾಯಿತು. ನ್ಯಾಯ ಬಂದಿತು, ಐರ್ಲೆಂಡಿನವರು ಗಂಟುಮೂಟೆ ಕಟ್ಟಿದ ಮೇಲೆ! ಐರಿಷ್ ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 13-0 ಮುಂದಿದ್ದ ತಂಡ ಎರಡನೆಯ ಅರ್ಧದಲ್ಲಿ ಒಂದೂ ಅಂಕ ಗಳಿಸಲಿಲ್ಲವೆಂಬುದೂ ಲೆಕ್ಕದಲ್ಲಿದೆ. ಅದನ್ನು ಕಚ್ಚಿದ ಹಲ್ಲಿನ ಮೇಲೆ ಹೊರಿಸಲಾಗದು.

ನಾನೂ ಒಮ್ಮೆ ಸೀಟಿ ಹಿಡಿದವನು. ಶಾಲಾ ಮಕ್ಕಳ ಕಬಡ್ಡಿಯಲ್ಲಿ ಉಸಿರು ಬಿಟ್ಟ ಹುಡುಗನನ್ನು ಬಿಟ್ಟಿಲ್ಲವೆಂದು ತೀರ್ಪಿತ್ತೆ. ನನ್ನ ತಪ್ಪು ನನಗೆ ಎರಡು ನಿಮಿಷದಲ್ಲೇ ತಿಳಿಯಿತು, ಆದರೆ ಹೇಳಲಿಲ್ಲ. ಆ ಊರಿನವರು ನನ್ನ ಸೈಕಲ್ಲಿನ ಗಾಳಿ ಬಿಟ್ಟರು, ಏಳು ಮೈಲಿ ತಳ್ಳಿಕೊಂಡು ಬಂದೆ. ಅಷ್ಟಕ್ಕೆ ಮುಗಿಯಿತು. ಡೇವಿಡ್‌ಸನ್ ಅಂತಹವರ ಹೆಸರು ಹಿಡಿದು ಬರೆಯುವ ಬೈಗುಳಗಳನ್ನು ನೋಡಿದರೆ ನನ್ನದು ಮರ್ಯಾದಸ್ಥರ ಊರೆನಿಸುತ್ತದೆ. ಹೆಂಗಸು ಸೀಟಿ ಹಿಡಿದರೆ ಬೈಗುಳಕ್ಕೆ ಇನ್ನೊಂದು ಬಣ್ಣವೂ ಸೇರುತ್ತದೆ. ಅದನ್ನು ಇಲ್ಲಿ ಬರೆಯುವುದು ಬೇಡ.

ಇನ್ನು ಆಟದ ಮಾತು. ಇಂಗ್ಲೆಂಡ್ ಸೋತದ್ದು ಬರೀ ಕಾರ್ಡಿನಿಂದಲೇ? 14 ಜನರಿದ್ದರೂ ಅರ್ಧ ಆಟಕ್ಕೆ ಅವರೇ 26-19 ಮುಂದಿದ್ದರು. ಅವರ ಬಲವೆಲ್ಲ ಒಂದೇ ವರಸೆಯಲ್ಲಿತ್ತು: ಪಕ್ಕದ ಗೆರೆಯಿಂದ ಎಸೆದ ಚೆಂಡನ್ನು ಎತ್ತಿ ಹಿಡಿದು, ಎಲ್ಲರೂ ಒಂದುಗೂಡಿ ಬಂಡಿಯಂತೆ ತಳ್ಳಿಕೊಂಡು ಹೋಗಿ ಗೆರೆ ದಾಟುವುದು. ಏಮಿ ಕೊಕೇನ್ ಒಬ್ಬರೇ ಅಂದು ಮೂರು ಟ್ರೈ ಗಳಿಸಿದರು. ಕಡೆಯ ಗಳಿಗೆಯಲ್ಲಿ ಮತ್ತೆ ಅದೇ ಅವಕಾಶ, ಗೆರೆಯ ಸಮೀಪದಲ್ಲೇ. ಇಡೀ ಮೈದಾನಕ್ಕೆ ಗೊತ್ತಿತ್ತು ಏನು ಬರುತ್ತದೆಂದು. ನ್ಯೂಜಿಲೆಂಡಿನ ಜೊವಾನಾ ಙಾನ್-ವೂ ಅವರಿಗೂ ಗೊತ್ತಿತ್ತು! ಆಕೆ ಮೇಲಕ್ಕೆ ಹಾರಿ ಚೆಂಡನ್ನು ತಟ್ಟಿ ಕಸಿದರು, ಪಂದ್ಯ ಮುಗಿಯಿತು. ನ್ಯೂಜಿಲೆಂಡ್ ಆರು ಟ್ರೈ, ಇಂಗ್ಲೆಂಡ್ ಐದು. ಒಂದೇ ದಾರಿಯನ್ನು ನಂಬಿದವರನ್ನು ಆ ದಾರಿಯಲ್ಲೇ ಕಾಯಬಹುದು. ಮುಷ್ಕರ ನಡೆಸಿದವರಿಗೆ ಇದು ಚೆನ್ನಾಗಿ ಗೊತ್ತು.

ಅಭಿಮಾನಿಗಳು ಹೆಚ್ಚಾಗಿ ಚರ್ಚಿಸದ ಸಂಗತಿ ಬೇರೊಂದಿದೆ. ಅದೇ ನ್ಯೂಜಿಲೆಂಡ್ 2021ರ ಕೊನೆಗೆ ಯೂರೋಪಿಗೆ ಹೋಗಿ ಇಂಗ್ಲೆಂಡಿನಿಂದ 43-12, 56-15ರಂತೆ ಎರಡು ಸಲ ಹೊಡೆತ ತಿಂದಿತ್ತು. ಫ್ರಾನ್ಸಿನಿಂದಲೂ ಎರಡು ಸಲ. ಆಗ ರೆಫರಿಯನ್ನು ಯಾರೂ ಬೈಯಲಾಗಲಿಲ್ಲ, ಅಂತರ ಅಷ್ಟಿತ್ತು. ಕಾರಣ ಸಂಬಳದ ಪಟ್ಟಿಯಲ್ಲೂ ಇತ್ತು. ಇಂಗ್ಲೆಂಡ್ 2019ರ ಜನವರಿಯಲ್ಲಿ 28 ಹೆಂಗಸರನ್ನು ಪೂರ್ಣಾವಧಿಯ ಸಂಬಳಕ್ಕೆ ತೆಗೆದುಕೊಂಡಿತ್ತು. ಅಂಥವರೆದುರು ಬೇರೆ ಉದ್ಯೋಗ ಮಾಡಿಕೊಂಡು, ಹೊತ್ತು ಹೊಂದಿಸಿಕೊಂಡು ಅಭ್ಯಾಸ ಮಾಡುವವರು ನಿಲ್ಲುವುದೆಂತು? ಆ ಸೋಲಿನ ಬಳಿಕ ನ್ಯೂಜಿಲೆಂಡಿನ ಆಟಗಾರ್ತಿಯೊಬ್ಬರು ತಂಡದೊಳಗೆ ತಮ್ಮನ್ನು ನಡೆಸಿಕೊಂಡ ಬಗೆಯನ್ನು ಬಹಿರಂಗವಾಗಿ ಬರೆದರು. ವಿಚಾರಣೆಯಾಯಿತು; 2022ರ ಏಪ್ರಿಲ್‌ನಲ್ಲಿ ತರಬೇತುದಾರರು ರಾಜೀನಾಮೆಯಿತ್ತರು; ಆಟಗಾರ್ತಿಯರ ಸಂಬಳದ ಕರಾರುಗಳೂ ಸುಧಾರಿಸಿದವು. ನವೆಂಬರಿನಲ್ಲಿ ಕಪ್ಪು ಅವರ ಕೈಯಲ್ಲಿತ್ತು. ಒಬ್ಬ ದುಡಿಮೆಗಾರ್ತಿ ಬಾಯಿ ಬಿಟ್ಟುದರಿಂದ ಇಷ್ಟು ಬದಲಾಯಿತು.

ಈ ಆಟದ ಹಳೆಯ ಕಥೆಯೂ ಗಿರಣಿಯದೇ. ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್, ಲ್ಯಾಂಕಾಷೈರ್‌ಗಳ ಗಿರಣಿ ಮತ್ತು ಗಣಿ ಕೆಲಸಗಾರರು ಶನಿವಾರ ರಗ್ಬಿ ಆಡಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಅಷ್ಟನ್ನು ತುಂಬಿಕೊಡಿರೆಂದು ಅವರ ಕ್ಲಬ್ಬುಗಳು 1893ರಲ್ಲಿ ಕೇಳಿದವು. ಸಂಬಳವಲ್ಲ, ಕಳೆದುಕೊಂಡ ಕೂಲಿ ಮಾತ್ರ! ಲಂಡನ್ನಿನ ದೊಡ್ಡ ಮನುಷ್ಯರು ಒಪ್ಪಲಿಲ್ಲ. ಹಣಕ್ಕಾಗಿ ಆಡುವುದು ಸಭ್ಯರ ಲಕ್ಷಣವಲ್ಲವಂತೆ. ಉಂಡ ಹೊಟ್ಟೆಗೆ ಆದರ್ಶ ಸುಲಭ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಹೋಟೆಲೊಂದರಲ್ಲಿ ಉತ್ತರದ ಕ್ಲಬ್ಬುಗಳು ಸೇರಿ ಬೇರೆಯಾದವು. ಅದರಿಂದ ರಗ್ಬಿ ಲೀಗ್ ಎಂಬ ಬೇರೆ ಆಟವೇ ಬೆಳೆಯಿತು. ದೊಡ್ಡ ಮನುಷ್ಯರ ರಗ್ಬಿ ಯೂನಿಯನ್ ಬಹಿರಂಗ ಸಂಬಳಕ್ಕೆ ಒಪ್ಪಿದುದು 1995ರಲ್ಲಿ, ನೂರು ವರ್ಷಗಳಾದ ಮೇಲೆ. ಹೆಂಗಸರಿಗೆ ಆ ಬಾಗಿಲು ತೆರೆಯಲು ಇನ್ನೂ ಕಾಲು ಶತಮಾನ ಹಿಡಿಯಿತು. 1991ರಲ್ಲಿ ವೇಲ್ಸ್‌ನಲ್ಲಿ ಅವರ ಮೊದಲ ವಿಶ್ವಕಪ್ ನಡೆದಾಗ ಅಂತರರಾಷ್ಟ್ರೀಯ ಮಂಡಳಿಯ ಬೆಂಬಲವೇ ಇರಲಿಲ್ಲ. ಸೋವಿಯೆತ್ ತಂಡದ ಹೆಂಗಸರು ಖರ್ಚಿಗೆ ಹಣವಿಲ್ಲದೆ ಊರಿನಿಂದ ತಂದ ವೋಡ್ಕಾ ಮಾರಲು ಹೊರಟಿದ್ದರು.

ಅದೆಲ್ಲ ಹಳೆಯ ಕಾಲದ ಮಾತೆಂದುಕೊಳ್ಳಬೇಡಿ. 2025ರ ವಿಶ್ವಕಪ್ಪಿಗೆ ಹೊರಟ ಕೆನಡಾ ತಂಡಕ್ಕಾಗಿ ಹತ್ತು ಲಕ್ಷ ಡಾಲರಿನ ಗುರಿಯಿಟ್ಟು ಸಾರ್ವಜನಿಕರಿಂದ ಚಂದಾ ಎತ್ತಬೇಕಾಯಿತು. ನಾವು ಚುನಾವಣೆಗೆ ಅಂಗಡಿ ಅಂಗಡಿ ಸುತ್ತುವಂತೆಯೇ. ಆ ಚಂದಾದ ತಂಡ ಸೆಮಿಫೈನಲಿನಲ್ಲಿ ನ್ಯೂಜಿಲೆಂಡನ್ನು 34-19ರಿಂದ ಮನೆಗೆ ಕಳುಹಿಸಿತು!

ಸೆಪ್ಟೆಂಬರ್ 27ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ 81,885 ಜನರೆದುರು ಅಂತಿಮ ಪಂದ್ಯ ನಡೆಯಿತು. ಇಂಗ್ಲೆಂಡ್ ಕೆನಡಾವನ್ನು 33-13ರಿಂದ ಸೋಲಿಸಿ, ಆಕ್ಲೆಂಡಿನಲ್ಲಿ ಕಳೆದುಕೊಂಡುದನ್ನು ಪಡೆದುಕೊಂಡಿತು. ಈ ಸಲ ಒಂದೇ ವರಸೆಯಲ್ಲ. ಎಲ್ಲಿ ಹಿಡಿದರೂ ಇನ್ನೊಂದು ಕಡೆಯಿಂದ ಬಂದರು. ಚಹಾದ ಅಂಗಡಿಯ ಆ ತರುಣನಿಗೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ, ಮುಂದಿನ ಪಾಳಿಗೆ ಸಿಕ್ಕಾಗ ಕೇಳುತ್ತೇನೆ. ಟ್ವಿಕನ್‌ಹ್ಯಾಮ್‌ನಲ್ಲಿ ಅಂದು ಸೀಟಿ ಊದಿದವರೂ ಹೋಲಿ ಡೇವಿಡ್‌ಸನ್ ಅವರೇ. ಮೂರು ವರ್ಷ ಅವರ ಹೆಸರು ಹಿಡಿದು ಬೈದ ಇಂಗ್ಲೆಂಡಿನ ಅಭಿಮಾನಿಗಳಲ್ಲಿ ಎಷ್ಟು ಮಂದಿ ಆ ರಾತ್ರಿ ಅವರ ಹೆಸರೆತ್ತಿದರು?