ವೇಗಮಿತಿ: ಫಲಕದಲ್ಲೊಂದು, ಆಚರಣೆಯಲ್ಲೊಂದು

ರಾಜ್ಯದ ಯಾವುದೇ ರಸ್ತೆಯಲ್ಲಿ ಗಂಟೆಗೆ 130 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ವಾಹನ ಓಡಿಸುವವರ ಮೇಲೆ 2024ರ ಆಗಸ್ಟ್ 1ರಿಂದ ಎಫ್‌ಐಆರ್ ದಾಖಲಿಸಲಾಗುವುದು ಎಂದು ಕರ್ನಾಟಕ ಪೊಲೀಸರು ಪ್ರಕಟಿಸಿದ್ದರು. ಕ್ರಮ ಸ್ವಾಗತಾರ್ಹವೇ. ಆದರೆ ಆ ಪ್ರಕಟಣೆ ನನ್ನಲ್ಲಿ ಮೂಡಿಸಿದ ಪ್ರಶ್ನೆ ಬೇರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ನಿಗದಿಯಾಗಿರುವ ಮಿತಿ 100 ಕಿ.ಮೀ. ಹಾಗಿದ್ದರೆ 100 ಮತ್ತು 130ರ ನಡುವಿನ ಆ ಮೂವತ್ತು ಕಿ.ಮೀ. ಯಾರಿಗೆ ಸೇರಿದ್ದು? ಕಾನೂನಿನ ಪ್ರಕಾರ ಅದಕ್ಕೂ ದಂಡವಿದೆ. ಆದರೆ ವ್ಯವಸ್ಥೆ ನಿಜಕ್ಕೂ ಸಿಟ್ಟಾಗುವುದು 130 ದಾಟಿದ ಮೇಲೆ ಎಂಬ ಸಂದೇಶವನ್ನು ಚಾಲಕ ಸರಿಯಾಗಿಯೇ ಗ್ರಹಿಸಿಕೊಂಡಿದ್ದಾನೆ.

ನಮ್ಮಲ್ಲಿ ವೇಗಮಿತಿಗಳು ಯಾವಾಗಲೂ ಎರಡು. ಒಂದು ಫಲಕದ ಮೇಲಿನದು, ಇನ್ನೊಂದು ಪೊಲೀಸರ ಮನಸ್ಸಿನಲ್ಲಿರುವುದು. ಅನುಭವಸ್ಥ ಚಾಲಕ ಎರಡನೆಯದನ್ನೇ ಕಲಿತಿರುತ್ತಾನೆ. ಎಷ್ಟು ಮೀರಿದರೆ ಕೈ ಅಡ್ಡ ಬರುತ್ತದೆ, ಇಂಟರ್‌ಸೆಪ್ಟರ್ ವಾಹನ ಯಾವ ಸೇತುವೆಯ ನೆರಳಿನಲ್ಲಿ ನಿಂತಿರುತ್ತದೆ, ಕ್ಯಾಮೆರಾ ದಾಟಿದ ಮೇಲೆ ಎಲ್ಲಿಂದ ಮತ್ತೆ ಆಕ್ಸಿಲರೇಟರ್ ಒತ್ತಬಹುದು ಎಂಬುದೆಲ್ಲ ಅವನಿಗೆ ಕರತಲಾಮಲಕ. ಎದುರಿನಿಂದ ಬರುವ ಅಪರಿಚಿತನೂ ದೀಪ ಮಿನುಗಿಸಿ, ಮುಂದೆ ಪೊಲೀಸರಿದ್ದಾರೆಂದು ಎಚ್ಚರಿಸುತ್ತಾನೆ. ಕಳ್ಳನಿಗೆ ಪೊಲೀಸರ ಸುಳಿವು ಕೊಡುವವನನ್ನು ನಾವು ಸಜ್ಜನನೆಂದು ಕರೆಯುವುದಿಲ್ಲ. ವೇಗದ ವಿಷಯದಲ್ಲಿ ಮಾತ್ರ ಅದು ಸೌಜನ್ಯವೆನಿಸಿಕೊಳ್ಳುತ್ತದೆ.

ಈ ಸೌಜನ್ಯದ ಬೆಲೆ ಸಣ್ಣದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವುಗಳಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಮಾರಣಾಂತಿಕ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪ್ರೌಢಶಾಲೆಯ ಭೌತಶಾಸ್ತ್ರವೂ ಇದನ್ನೇ ಹೇಳುತ್ತದೆ: ವೇಗ 100ರಿಂದ 130ಕ್ಕೆ ಏರಿದಾಗ ವಾಹನದ ಚಲನಶಕ್ತಿ ಹೆಚ್ಚುವುದು ಶೇ 30ರಷ್ಟಲ್ಲ, ಸುಮಾರು ಶೇ 70ರಷ್ಟು. ಬೆಂಗಳೂರು–ಮೈಸೂರು ನಡುವಿನ ಸುಮಾರು 119 ಕಿ.ಮೀ. ದಾರಿಯನ್ನು ಪೂರ್ತಿ 130ರ ವೇಗದಲ್ಲೇ ಕ್ರಮಿಸಿದರೂ ಉಳಿಯುವುದು ಹದಿನಾರು ನಿಮಿಷ. ಅದೂ ಊರಿನೊಳಗಿನ ಮೊದಲ ಎರಡು ಸಿಗ್ನಲ್‌ಗಳಲ್ಲಿ ಕರಗಿಹೋಗುತ್ತದೆ.

ಪೊಲೀಸರಿಗೆ ಇದು ತಿಳಿಯದೆಂದಲ್ಲ. ಯಾವುದೇ ಅಪಘಾತದ ದೂರನ್ನು ತೆರೆದು ನೋಡಿ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಮಾತು ಅಲ್ಲಿ ಇದ್ದೇ ಇರುತ್ತದೆ. ಅದೊಂದು ಅಚ್ಚು ಹಾಕಿದ ವಾಕ್ಯ. ಅಂಕಿಅಂಶಗಳಲ್ಲಿ ಅತಿವೇಗದ ಪಾಲು ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಈ ರೂಢಿಯೂ ಸ್ವಲ್ಪಮಟ್ಟಿಗೆ ಕಾರಣವಿರಬಹುದು. ಅದೇನೇ ಇರಲಿ, ನಮ್ಮ ವ್ಯವಸ್ಥೆ ವೇಗವನ್ನು ಗುರುತಿಸುವುದು ಸಾವಿನ ನಂತರ. ನಿನ್ನೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಯಾರಿಗೂ ಡಿಕ್ಕಿ ಹೊಡೆಯದೆ ಹೋದ ನೂರಾರು ವಾಹನಗಳ ಲೆಕ್ಕ ಎಲ್ಲಿಯೂ ಇರುವುದಿಲ್ಲ.

ಇದಕ್ಕೆ ಪೊಲೀಸರ ಸೋಮಾರಿತನವನ್ನೋ ಲಂಚಗುಳಿತನವನ್ನೋ ಹೊಣೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಅವೆರಡೂ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಕಾರಣಗಳು ಇನ್ನೂ ಆಳದಲ್ಲಿವೆ. ಮೊದಲನೆಯದು ಸಾಕ್ಷ್ಯದ ಪ್ರಶ್ನೆ. ಹೆಲ್ಮೆಟ್ ಇಲ್ಲದಿರುವುದು ಕಣ್ಣಿಗೆ ಕಾಣುತ್ತದೆ, ಮೂವರು ಸವಾರಿ ಮಾಡುವುದು ಕಾಣುತ್ತದೆ. ವೇಗ ಕಂಡರೂ ಅದಕ್ಕೆ ಅಂಕಿ ಬೇಕು. ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಆಧಾರವಿಲ್ಲದೆ, ಒಬ್ಬ ಸಾಕ್ಷಿಯ ಅಭಿಪ್ರಾಯವೊಂದನ್ನೇ ನಂಬಿ ಯಾರನ್ನೂ ಅತಿವೇಗಕ್ಕಾಗಿ ಶಿಕ್ಷಿಸಲಾಗದೆಂದು 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಹೇಳುತ್ತದೆ. ಇದು ನ್ಯಾಯವೇ. ಆದರೆ ಸಾಧನವಿಲ್ಲದ ಕಾನ್‌ಸ್ಟೆಬಲ್ ವೇಗದ ಮುಂದೆ ಬರಿಗೈಯವನು ಎಂಬುದು ಇದರ ಇನ್ನೊಂದು ಮುಖ. ಮೇಲಾಗಿ, 120ರ ವೇಗದಲ್ಲಿ ಬರುವ ಕಾರನ್ನು ಕೈ ಅಡ್ಡ ಹಿಡಿದು ನಿಲ್ಲಿಸುವುದು ಆತನಿಗೂ ಹಿಂದೆ ಬರುವವರಿಗೂ ಅಪಾಯ.

ಎರಡನೆಯದು ಕೆಲಸದ ಸ್ವರೂಪ. ನಗರದ ಸಂಚಾರ ಪೊಲೀಸರನ್ನು ನಾವು ಅಳೆಯುವುದು ವಾಹನಗಳು ಎಷ್ಟು ಸರಾಗವಾಗಿ ಮುಂದೆ ಸಾಗುತ್ತಿವೆ ಎಂಬುದರಿಂದ. ಬೆಂಗಳೂರಿನ ಹಗಲಿನಲ್ಲಿ ವೇಗ ಸಮಸ್ಯೆಯೇ ಅಲ್ಲ, ವೇಗದ ಅಭಾವ ಸಮಸ್ಯೆ. ರಸ್ತೆಗಳು ಬರಿದಾಗಿ ವೇಗ ಅಪಾಯಕಾರಿಯಾಗುವುದು ರಾತ್ರಿ ಹತ್ತರ ಮೇಲೆ. ಆ ಹೊತ್ತಿಗೆ ವೃತ್ತಗಳಲ್ಲಿ ನಿಂತಿದ್ದವರಲ್ಲಿ ಬಹುತೇಕರು ಮನೆ ಸೇರಿರುತ್ತಾರೆ.

ಮೂರನೆಯದು ದಂಡದ ಮರ್ಯಾದೆ. ಮೊದಲ ಬಾರಿಯ ಅತಿವೇಗಕ್ಕೆ ಹಿಂದಿನ ಕಾಯ್ದೆಯಲ್ಲಿದ್ದುದು ಹೆಚ್ಚೆಂದರೆ 400 ರೂಪಾಯಿ. 2019ರ ತಿದ್ದುಪಡಿ ಅದನ್ನು ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿಯವರೆಗೆ ಏರಿಸಿತು. ಜನ ಗೊಣಗಿದ್ದೇ ತಡ, ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಹಲವು ಅಪರಾಧಗಳ ದಂಡವನ್ನು ಇಳಿಸಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ನಿಂತು ಪಾವತಿಸಿದರು. ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಹಣ ಸಂಗ್ರಹವಾಯಿತು. ಮುಂದೆಯೂ ಈ ರಿಯಾಯಿತಿ ಮರಳಿ ಮರಳಿ ಬಂದಿತು. ಬೊಕ್ಕಸದ ದೃಷ್ಟಿಯಿಂದ ಇದು ಯಶಸ್ಸೇ ಇರಬಹುದು. ಆದರೆ ಆಷಾಢದ ಸೀರೆಯಂತೆ ದಂಡವೂ ಅರ್ಧ ಬೆಲೆಗೆ ಸಿಗುವುದಾದರೆ, ಸಕಾಲಕ್ಕೆ ಕಟ್ಟಿದವನು ಮೂರ್ಖನೆನಿಸಿಕೊಳ್ಳುತ್ತಾನೆ.

ನಾಲ್ಕನೆಯದು, ಮಿತಿಗಳೇ ನಂಬಿಕೆ ಕಳೆದುಕೊಂಡಿರುವುದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕಾರುಗಳ ಗರಿಷ್ಠ ಮಿತಿಯನ್ನು ಎಕ್ಸ್‌ಪ್ರೆಸ್‌ವೇಗಳಲ್ಲಿ 120 ಕಿ.ಮೀ.ಗೆ, ವಿಭಜಕವಿರುವ ಚತುಷ್ಪಥ ರಸ್ತೆಗಳಲ್ಲಿ 100 ಕಿ.ಮೀ.ಗೆ ಏರಿಸಿತು. 2021ರಲ್ಲಿ ಮದ್ರಾಸ್ ಹೈಕೋರ್ಟ್ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಸಾಮಾನ್ಯ ಚಾಲಕನಿಗೆ ಇವೆರಡೂ ತಿಳಿದಿರಲಾರವು. ಆತ ಕಾಣುವುದು ವಿಶಾಲವಾದ ರಸ್ತೆಯ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಎದುರಾಗುವ 40ರ ಫಲಕವನ್ನು, ಕಾಮಗಾರಿ ಮುಗಿದು ಎಷ್ಟೋ ಕಾಲವಾದರೂ ತೆಗೆಯದೆ ಬಿಟ್ಟ 20ರ ಫಲಕವನ್ನು. ಸುಳ್ಳು ಹೇಳುವ ಫಲಕಗಳ ನಡುವೆ ನಿಜ ಹೇಳುವ ಫಲಕವೂ ಗೌರವ ಕಳೆದುಕೊಳ್ಳುತ್ತದೆ. ಹಾಗಾಗಿಯೇ ನಮ್ಮ ಹಳ್ಳಿಗಳ ಜನ ಫಲಕವನ್ನೂ ಪೊಲೀಸರನ್ನೂ ನಂಬದೆ ಹಂಪ್‌ಗಳನ್ನು ಕೇಳುತ್ತಾರೆ, ಕೇಳಿ ಸಿಗದಿದ್ದರೆ ತಾವೇ ಹಾಕಿಸಿಕೊಳ್ಳುತ್ತಾರೆ. ಸೊಂಟ ಮುರಿಯುವ, ಬಣ್ಣ ಬಳಿಯದ ಆ ಹಂಪ್‌ಗಳನ್ನು ನಾವು ಶಪಿಸುತ್ತೇವೆ. ಆದರೆ ಕಾನೂನು ಗೈರುಹಾಜರಾದ ಕಡೆ ಜನ ತಾವೇ ಬರೆದುಕೊಂಡ ಕಾನೂನು ಅದು.

ಕೊನೆಯ ಕಾರಣ ನಾವೇ, ಅಂದರೆ ಈ ಪುಟವನ್ನು ಓದುವ, ಕಾರಿನಲ್ಲಿ ಓಡಾಡುವ ವರ್ಗ. ವೇಗವನ್ನು ಅಪರಾಧವೆಂದು ನಾವು ಮನಸಾರೆ ಒಪ್ಪಿಕೊಂಡಿಲ್ಲ, ಅದು ಚಾಲನಾ ಕೌಶಲದ ಭಾಗವೆಂದೇ ಭಾವಿಸಿದ್ದೇವೆ. ಹಿಡಿದರೆ ಪರಿಚಯದವರಿಗೆ ಫೋನು ಹೋಗುತ್ತದೆ. ಇನ್ನೊಂದೆಡೆ, ಸಾಮಾನು ತಲುಪಿಸುವ ಹುಡುಗ ಅಡ್ಡಾದಿಡ್ಡಿ ಬೈಕ್ ಓಡಿಸಿದರೆ ಬೈಯುವ ನಾವೇ ಹತ್ತು ನಿಮಿಷದಲ್ಲಿ ಹಾಲು ಬರಲಿಲ್ಲವೆಂದು ಸಿಡುಕುತ್ತೇವೆ. ಅದೇ 183ನೇ ಕಲಮಿನಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿದೆ. ವೇಗಮಿತಿ ಮೀರದೆ ಪೂರೈಸಲಾಗದಂಥ ವೇಳಾಪಟ್ಟಿಯನ್ನು ಪ್ರಕಟಿಸಿದರೆ, ಅಥವಾ ಇಷ್ಟು ಹೊತ್ತಿನಲ್ಲಿ ತಲುಪಬೇಕೆಂದು ಅಂಥ ಆದೇಶ ಕೊಟ್ಟರೆ, ಅದನ್ನು ಹಾಗೆ ಮಾಡಿದವರ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಪರಿಗಣಿಸಬಹುದು. ಸವಾರನ ಹಿಂದಿರುವ ಧಣಿಯನ್ನೂ ಹಿಡಿಯಬಲ್ಲ ಈ ಅಸ್ತ್ರ ಕಾಯ್ದೆಯ ಪುಟಗಳಲ್ಲೇ ನಿದ್ರಿಸುತ್ತಿದೆ.

ಕಟ್ಟುನಿಟ್ಟೆಂದರೆ ಸುಲಿಗೆಗೆ ಇನ್ನೊಂದು ದಾರಿಯಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ತಳ್ಳಿಹಾಕುವಂಥದಲ್ಲ. ಫ್ರಾನ್ಸ್ 2003ರಿಂದ ರಸ್ತೆಬದಿಯಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ನೆಟ್ಟಿತು. ಆ ಅವಧಿಯಲ್ಲಿ ಸಾವುಗಳು ಗಮನಾರ್ಹವಾಗಿ ಇಳಿದವು. ಆದರೆ 2018ರಲ್ಲಿ ಗ್ರಾಮೀಣ ರಸ್ತೆಗಳ ಮಿತಿಯನ್ನು 90ರಿಂದ 80ಕ್ಕೆ ಇಳಿಸಿದಾಗ ಅಸಮಾಧಾನ ಹೊಗೆಯಾಡಿತು. ಅದೇ ವರ್ಷದ ಕೊನೆಯಲ್ಲಿ ಭುಗಿಲೆದ್ದ ಹಳದಿ ಅಂಗಿಯವರ ಚಳವಳಿಯಲ್ಲಿ ಅಲ್ಲಿನ ಅರ್ಧಕ್ಕೂ ಹೆಚ್ಚು ಕ್ಯಾಮೆರಾಗಳು ಹಾನಿಗೀಡಾದವು. ದಂಡದ ಉದ್ದೇಶ ಜೀವವೋ ಹಣವೋ ಎಂಬ ಸಂಶಯ ಹುಟ್ಟಿದರೆ ಯಾವ ಯಂತ್ರವೂ ಉಳಿಯದು ಎಂಬುದೇ ಇದರ ಪಾಠ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಮಟ್ಟಿಗೆ ಉತ್ತರ ಹೆಚ್ಚಿನ ಕಾಠಿಣ್ಯದಲ್ಲಿಲ್ಲ, ಹೆಚ್ಚಿನ ಖಚಿತತೆಯಲ್ಲಿದೆ. ಸಾವಿರದಲ್ಲಿ ಒಬ್ಬನಿಗೆ ಎಫ್‌ಐಆರ್ ಆಗುವುದಕ್ಕಿಂತ, ಸಾವಿರಕ್ಕೆ ಸಾವಿರ ಮಂದಿಗೂ ಸಣ್ಣ ದಂಡ ತಪ್ಪದೆ ತಲುಪುವುದು ಪರಿಣಾಮಕಾರಿ. ಇದು ಕನಸಲ್ಲ. ಎಲೆಕ್ಟ್ರಾನಿಕ್ ನಿಗಾವಣೆಗೆ 2019ರ ತಿದ್ದುಪಡಿಯೇ ಅವಕಾಶ ನೀಡಿದೆ. ಕ್ಯಾಮೆರಾ ಇರುವ ಕಡೆ ಮುಂಚಿತವಾಗಿಯೇ ಎಚ್ಚರಿಕೆ ಫಲಕ ಹಾಕಬೇಕು, ಹದಿನೈದು ದಿನದೊಳಗೆ ನೋಟಿಸ್ ಕಳುಹಿಸಬೇಕು ಎಂದು 2021ರ ನಿಯಮಗಳು ವಿಧಿಸುತ್ತವೆ. ಎರಡು ಕ್ಯಾಮೆರಾಗಳ ನಡುವಿನ ದೂರವನ್ನು ಕ್ರಮಿಸಲು ಹಿಡಿದ ಸಮಯದಿಂದ ಸರಾಸರಿ ವೇಗ ಲೆಕ್ಕ ಹಾಕಿದರೆ, ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತುವ ಜಾಣತನ ನಡೆಯದು. ಅಲ್ಲಿ ಫೋನು ಮಾಡಲು ಯಾರೂ ಇರುವುದಿಲ್ಲ, ಕೈ ಬೆಚ್ಚಗೆ ಮಾಡಲೂ ಯಾರೂ ಇರುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ ನಮಗೆ ಒಂದಷ್ಟು ಕಲಿಸಿದೆ. 2023ರ ಮೊದಲ ಆರು ತಿಂಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜೀವಗಳು ಹೋದವು. ಆ ಬಳಿಕ ವೇಗ ಅಳೆಯುವ ಸಾಧನಗಳು ಬಂದವು, ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿರ್ಬಂಧ ಬಿತ್ತು, ಸಾವುಗಳು ಇಳಿದವು. ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಆದರೆ ರಸ್ತೆಯ ಸಾವು ವಿಧಿಲಿಖಿತವಲ್ಲ ಎಂಬುದಕ್ಕೆ ಇಷ್ಟು ಸಾಕು.

ಇದರ ಜತೆಗೆ ಸರ್ಕಾರ ಇನ್ನೊಂದು ಕೆಲಸ ಮಾಡಬೇಕು. ಪ್ರತಿ ಫಲಕವನ್ನೂ ಮರುಪರಿಶೀಲಿಸಿ, ಜಾರಿಗೊಳಿಸುವ ಮನಸ್ಸಿರುವ ಅಂಕಿಯನ್ನೇ ಅದರ ಮೇಲೆ ಬರೆಯಬೇಕು. 110 ಸುರಕ್ಷಿತವೆಂದು ತಜ್ಞರಿಗೆ ಅನಿಸಿದರೆ 110 ಎಂದೇ ಬರೆಯಲಿ. 100 ಎಂದು ಬರೆದರೆ 100 ಎಂದೇ ಅರ್ಥವಾಗಲಿ. ಫಲಕದ ಮಿತಿಗೂ ಆಚರಣೆಯ ಮಿತಿಗೂ ನಡುವಿನ ಅಂತರ ಕಾರಿನೊಳಗಿರುವವನಿಗೆ ಒಂದಿಷ್ಟು ಸಡಿಲಿಕೆ ಅಷ್ಟೆ. ರಸ್ತೆ ದಾಟಲು ಅಂಚಿನಲ್ಲಿ ನಿಂತವನಿಗೆ ಅದು ಸಾವು–ಬದುಕಿನ ಅಂತರ.