ವಿಮಾನದಲ್ಲಿ ಆರೋಗ್ಯ ಕೆಟ್ಟರೆ

ಸಹೋದರಿಯರೇ, ತುಮಕೂರು, ಗುಬ್ಬಿ, ಕುಣಿಗಲ್ ಕಡೆಯಿಂದ ಉಮ್ರಾಕ್ಕೋ ಗಲ್ಫ್‌ನಲ್ಲಿರುವ ಮಕ್ಕಳನ್ನು ನೋಡಲೋ ದೇವನಹಳ್ಳಿಯಲ್ಲಿ ವಿಮಾನ ಹತ್ತುವಾಗ ನಿಮ್ಮ ಜೊತೆ ವಯಸ್ಸಾದ ತಾಯಿಯೋ ಅತ್ತೆಯೋ ಇರಬಹುದು.

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ. ಹೃದಯ, ಶ್ವಾಸಕೋಶದ ರೋಗಿಗಳಿಗೆ ಇದು ಕಷ್ಟವಾಗಬಹುದು. ಟಿಕೆಟ್ ಮಾಡಿಸುವ ಮೊದಲೇ ವೈದ್ಯರನ್ನು ಕೇಳಿ. ಮಾತ್ರೆ, ಇನ್ಸುಲಿನ್, ಇನ್‌ಹೇಲರ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿ ಹಾಕಿದ್ದು ದಾರಿಯಲ್ಲಿ ಕೈಗೆ ಸಿಗದು.

ಎದೆನೋವು, ಉಬ್ಬಸ, ತಲೆಸುತ್ತು ಕಂಡರೆ ಸಂಕೋಚಪಟ್ಟು ಸುಮ್ಮನಿರಬೇಡಿ. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ಭಾಷೆ ಬಾರದಿದ್ದರೆ ಚೀಟಿ ತೋರಿಸಿ. ಅವರ ಬಳಿ ಆಮ್ಲಜನಕ, ಪ್ರಥಮ ಚಿಕಿತ್ಸೆಯ ಸಾಮಗ್ರಿ ಇರುತ್ತದೆ. ಪ್ರಯಾಣಿಕರಲ್ಲಿ ವೈದ್ಯರಿದ್ದಾರೆಯೇ ಎಂದೂ ಕೂಗಿ ಕೇಳುತ್ತಾರೆ. ವೈದ್ಯೆ ಇದ್ದರೆ ಒಳ್ಳೆಯದು; ಇಲ್ಲವೆಂದು ತಡ ಮಾಡಬೇಡಿ. ಪ್ರಾಣದ ಪ್ರಶ್ನೆ ಬಂದಾಗ ಧರ್ಮವೂ ರಿಯಾಯಿತಿ ನೀಡಿದೆ.

2023ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹೊರಟ ವಿಮಾನದಲ್ಲಿ ಹೃದ್ರೋಗವಿದ್ದ ಮಗುವೊಂದರ ಉಸಿರು ನಿಂತಿತು. ಅದರಲ್ಲಿದ್ದ ದಿಲ್ಲಿ ಏಮ್ಸ್‌ನ ಐವರು ವೈದ್ಯರು ಎದೆ ಒತ್ತಿ ಉಸಿರು ಮರಳಿಸಿದರು. ವಿಮಾನ ನಾಗಪುರದಲ್ಲಿ ಇಳಿಯಿತು. ಕೆಲವೇ ದಿನಗಳಲ್ಲಿ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿತು. ಆದರೂ ಚಿಕಿತ್ಸೆಯ ಅವಕಾಶವಾದರೂ ಅದಕ್ಕೆ ಸಿಕ್ಕಿದ್ದು ಯಾರೂ ತಡ ಮಾಡದ್ದರಿಂದ. ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ಪ್ರಯತ್ನ ನಮ್ಮ ಹೊಣೆ. ಹೊರಡುವ ಮುನ್ನ ಕೈಚೀಲವನ್ನು ಇನ್ನೊಮ್ಮೆ ನೋಡಿಕೊಳ್ಳಿ.